ಎಂಟು ಸೇರು ಕೊಸರು

ಹತ್ತಿರ ಬನ್ನಿ. ಇನ್ನೂ ಹತ್ತಿರ. ಈ ಕಥೆಯನ್ನು ಬೇರೆಯವರೂ ಹೇಳ್ತಾರೆ, ಇಲ್ಲ ಅನ್ನಲ್ಲ. ಆದರೆ ಅವರು ಹೇಳೋದು ಉಪ್ಪಿಲ್ಲದ ಮಂಡಕ್ಕಿ. ನಾನು ಹೇಳೋದು ಒಗ್ಗರಣೆ ಹಾಕಿದ್ದು.

ಹೊಳೆಯ ಈ ದಡದಲ್ಲಿ ಕಡ್ಲೆಕೊಪ್ಪ ಅಂತ ಒಂದು ರಾಜ್ಯ. ಆ ದಡದಲ್ಲಿ ಬಿಳಿಗಲ್ಲು ಅಂತ ಇನ್ನೊಂದು ರಾಜ್ಯ. ಕಡ್ಲೆಕೊಪ್ಪವನ್ನು ಆಳುತ್ತಿದ್ದವನು ಈರಭೂಪ ಅನ್ನೋ ದೊರೆ. ಅವನಿಗೆ ಆನೆ ಇತ್ತು, ಕುದುರೆ ಇತ್ತು, ಏಳು ಸುತ್ತಿನ ಕೋಟೆ ಇತ್ತು. ಏನಿದ್ದರೇನು? ಸಂಜೆ ಆಯ್ತು ಅಂದರೆ ಅವನಿಗೂ ಒಂದು ಮೊರ ಮಂಡಕ್ಕಿ ಬೇಕು, ಕಚ್ಚಿಕೊಳ್ಳೋಕೆ ನಾಕು ಹಸಿಮೆಣಸಿನಕಾಯಿ ಬೇಕು.

ಮಂಡಕ್ಕಿ ಅಂದರೆ ಕಡ್ಲೆಕೊಪ್ಪದ್ದೇ ಮಂಡಕ್ಕಿ. ಮಿಕ್ಕ ಊರಿನದ್ದು ಬರೀ ಗಾಳಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕುಟ್ಟಿ, ಆ ಅಕ್ಕಿಗೆ ಉಪ್ಪುನೀರು ಚಿಮುಕಿಸಿ, ಕಾದ ಮರಳಿಗೆ ಹಾಕಿದರೆ ಚಟಚಟ ಅಂತ ಅರಳಬೇಕು. ಮಲ್ಲಿಗೆ ಮೊಗ್ಗು ಒಂದೇ ಸಲ ಬಿರಿದ ಹಾಗೆ. ಇದನ್ನು ಹುರಿಯೋ ಒಲೆಮನೆಗೆ ಭಟ್ಟಿ ಅಂತಾರೆ. ಕಡ್ಲೆಕೊಪ್ಪದಲ್ಲಿ ಒಂದು ಬೀದಿ ತುಂಬಾ ಭಟ್ಟಿಗಳೇ.

ಆ ಬೀದಿಯ ಕೊನೆಯಲ್ಲಿ ಎರಡು ಭಟ್ಟಿ. ಎರಡಕ್ಕೂ ನಡುವೆ ಒಂದೇ ಗೋಡೆ. ಗೋಡೆಯ ಈಚೆಗೆ ಚನ್ನಮಲ್ಲನ ಭಟ್ಟಿ, ಆರು ಒಲೆ. ಗೋಡೆಯ ಆಚೆಗೆ ಹಾಲವ್ವನ ಭಟ್ಟಿ, ಹನ್ನೆರಡು ಒಲೆ.

ಚನ್ನಮಲ್ಲನದು ಮೂರು ತಲೆಮಾರಿನ ಭಟ್ಟಿ. ಹಾಲವ್ವನದು ನಿನ್ನೆ ಮೊನ್ನೆಯದು. ಅವಳು ಸೊಸೆಯಾಗಿ ಬಂದಾಗ ಅಲ್ಲಿದ್ದದ್ದು ಒಂದೇ ಒಂದು ಮುರುಕಲು ಒಲೆ. ಗಂಡ ಮಾತೇ ಆಡದವನು. ಉರಿ ಹಾಕೋದು ಅವನ ಕೆಲಸ, ಬಾಯಿ ಹಾಕೋದು ಅವಳ ಕೆಲಸ. ಹೊಳೆಯ ಮೂರು ಮಡುವಿನ ಮರಳು ತಂದು ನೋಡಿದಳು. ಮೂರು ಥರದ ಭತ್ತ ತಂದು ನೋಡಿದಳು. ಮೂರು ವರ್ಷ ಕೈ ಸುಟ್ಟುಕೊಂಡಳು. ಆಮೇಲೆ ಅರಳಿತು ನೋಡಿ ಮಂಡಕ್ಕಿ! ಒಂದು ಒಲೆ ಹನ್ನೆರಡಾಯಿತು. ಹನ್ನೆರಡು ಒಲೆಗೆ ಹನ್ನೆರಡು ಹೆಣ್ಣಾಳು. ಆ ಹನ್ನೆರಡು ಮನೆಯಲ್ಲೂ ಎರಡು ಹೊತ್ತು ಮುದ್ದೆ ಬೇಯುತ್ತಿತ್ತು.

ಇಲ್ಲಿಂದ ಶುರುವಾಯಿತು ಚನ್ನಮಲ್ಲನ ಹೊಟ್ಟೆನೋವು.

ಒಂದು ದಿನ ಅರಮನೆಯ ದಾಸಿ ಅವನ ಬಾಗಿಲಿಗೆ ಬಂದಳು. ಚನ್ನಮಲ್ಲ ಹೆಗಲ ವಸ್ತ್ರ ಕೊಡವಿ ಎದ್ದು ನಿಂತ. ದಾಸಿ ಕೇಳಿದಳು: "ಅಣ್ಣಾ, ಹಾಲವ್ವನ ಭಟ್ಟಿ ಯಾವುದು?"

ಇನ್ನೊಂದು ದಿನ ದೊರೆಯ ಕುದುರೆ ಸವಾರ ಬಂದ. ಚನ್ನಮಲ್ಲ ಮತ್ತೆ ಎದ್ದು ನಿಂತ. ಸವಾರ ಕೇಳಿದ: "ಯಜಮಾನ್ರೇ, ಹಾಲವ್ವನ ಭಟ್ಟಿ ಯಾವುದು?"

ಮೂರನೆಯ ದಿನ ಅವನ ಬಾಗಿಲಿಗೆ ಯಾರೂ ಬರಲಿಲ್ಲ. ಉಪ್ಪಿನ ಗಡಿಗೆ ಹುಡುಕುತ್ತಾ ಅಡುಗೆಮನೆಗೆ ಹೋದ. ಅಡಕಲ ಗಡಿಗೆ ಒಂದೊಂದೇ ಇಳಿಸಿದ. ಕೆಳಗಿನ ಗಡಿಗೆಗೆ ಕೈ ಹಾಕಿದರೆ ಮಂಡಕ್ಕಿ. ಬಾಯಿಗೆ ಹಾಕಿಕೊಂಡ. ಅದು ಅವನದ್ದಲ್ಲ. ಹಾಲವ್ವನದ್ದು!

"ಲೇ ನೀಲವ್ವಾ!" ಅಂತ ಹೆಂಡತಿಯನ್ನು ಕೂಗಿದ. "ಆರು ಒಲೆ ಇರೋ ಮನೆಗೆ ಅವಳ ಮಂಡಕ್ಕಿ ಯಾಕೆ ಬಂತೇ?"

ನೀಲವ್ವ ಹೆದರಲಿಲ್ಲ. "ನಿಮ್ಮದು ಹಲ್ಲಿಗೆ ಸಿಕ್ಕೊಳ್ಳುತ್ತೆ. ಅವಳದ್ದು ನಾಲಿಗೆ ಮೇಲೆ ಕರಗುತ್ತೆ. ಹೋಗಿ ಮರಳು ಬದಲಾಯಿಸಿ ಅಂದ್ರೆ ಕೇಳ್ತೀರಾ?"

"ನಮ್ಮ ತಾತನ ಮರಳು ಕಣೇ ಅದು!"

"ಅದಕ್ಕೇ ತಾತನ ಹಲ್ಲೆಲ್ಲ ಉದುರಿದ್ದು."

ಅವನು ಅನ್ನ ಬಿಟ್ಟ. ನಿದ್ದೆ ಬಿಟ್ಟ. ಗೋಡೆ ಪಕ್ಕ ಕಲ್ಲು ಹಾಕಿಕೊಂಡು, ಅದರ ಮೇಲೆ ಹತ್ತಿ, ಆಚೆ ಇಣುಕೋದೇ ಕೆಲಸವಾಯಿತು. ಅವಳ ಹೊಗೆ ಎದ್ದರೆ ಇವನ ಹೊಟ್ಟೆಯಲ್ಲಿ ಹೊಗೆ. ಅವಳ ಒಲೆ ಉರಿದರೆ ಇವನ ಎದೆಯಲ್ಲಿ ಉರಿ. ಅವಳು ನಕ್ಕರಂತೂ ಇವನಿಗೆ ಒಂದು ಚೊಂಬು ಮಜ್ಜಿಗೆ ಬೇಕು.

"ನಿಮ್ಮ ಹೊಟ್ಟೆ ಮೇಲೆ ಮರಳು ಸುರಿದರೆ ಸಾಕು, ಸೌದೆ ಇಲ್ಲದೆ ಮಂಡಕ್ಕಿ ಹುರೀಬಹುದು," ಅಂದಳು ನೀಲವ್ವ.

ಮನುಷ್ಯನಾದವನು ಏನು ಮಾಡಬೇಕು? ಮರಳು ಬದಲಿಸಬೇಕು. ಜರಡಿ ಬದಲಿಸಬೇಕು. ಬಾಯಿ ಬಿಟ್ಟು ಕೇಳಿ ಕಲಿಯಬೇಕು. ಚನ್ನಮಲ್ಲ ಮೂರನ್ನೂ ಬಿಟ್ಟ. ಹರಿಗೋಲು ಹತ್ತಿ ಸೀದಾ ಬಿಳಿಗಲ್ಲಿಗೆ ಹೋದ.

ಬಿಳಿಗಲ್ಲಿನಲ್ಲಿ ಬೂದೆಪ್ಪ ಅಂತ ಒಬ್ಬ ಸಾವ್ಕಾರ. ಆ ರಾಜ್ಯದ ಭಟ್ಟಿಗಳೆಲ್ಲ ಅವನವೇ. ಅವನು ಹೇಳಿದ್ದೇ ಬೆಲೆ. ಕಣಜದಲ್ಲಿ ಮಂಡಕ್ಕಿ ಮೂಟೆ ಗುಡ್ಡದ ಹಾಗೆ ಬಿದ್ದಿತ್ತು.

"ಸಾವ್ಕಾರ್ರೇ, ನಿಮ್ಮೂರಲ್ಲಿ ಮಂಡಕ್ಕಿ ಹೇಗೆ?" ಅಂದ ಚನ್ನಮಲ್ಲ.

"ಕಾಸಿಗೆ ನಾಕು ಸೇರು. ನಿಮ್ಮ ಕಡೆ?"

"ನಮ್ಮ ಕಡೆಯೂ ಅಷ್ಟೇ. ಆದರೆ ನೀವು ಬಂದು ಕಾಸಿಗೆ ಹನ್ನೆರಡು ಸೇರು ಮಾರಿ."

ಬೂದೆಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಬಿಸಿಲಲ್ಲಿ ನಡೆದು ಬಂದ್ರಾ? ನೀರು ಕುಡೀರಿ ಮೊದಲು."

"ಪೂರಾ ಕೇಳಿ ಸಾವ್ಕಾರ್ರೇ. ಒಂದು ಮಳೆಗಾಲ ನಷ್ಟ ಆಗಲಿ. ನಮ್ಮೂರ ಹಾಲವ್ವನ ಒಲೆ ಎಲ್ಲ ಆರಲಿ. ಒಂದು ಸಲ ಆರಿದ ಭಟ್ಟಿ ಮತ್ತೆ ಹತ್ತೋದಿಲ್ಲ, ಆಳುಗಳು ಚದುರಿ ಹೋಗ್ತಾರೆ. ಆಮೇಲೆ ಕಡ್ಲೆಕೊಪ್ಪಕ್ಕೆ ನೀವೇ ದಿಕ್ಕು. ಕಾಸಿಗೆ ಎರಡೇ ಸೇರು ಅನ್ನಿ. ಯಾರು ಕೇಳ್ತಾರೆ? ಆವಾಗ ನಾನು ನಿಮ್ಮ ದಳ್ಳಾಳಿ."

ಬೂದೆಪ್ಪನ ಕಣ್ಣು ಅರಳಿತು. ಆದರೂ ಒಂದು ಅನುಮಾನ. "ಅಲ್ಲಯ್ಯಾ, ನಿನ್ನದೂ ಭಟ್ಟಿ ಇದೆಯಲ್ಲ? ಅದರ ಗತಿ?"

"ಅದಿರಲಿ ಬಿಡಿ," ಅಂದ ಚನ್ನಮಲ್ಲ. "ಅವಳದು ಆರಬೇಕು."

ನೋಡಿದಿರಾ? ಹಾವಿಗೆ ಹಲ್ಲಲ್ಲಿ ಮಾತ್ರ ವಿಷ. ಇವನಿಗೆ ಮೈಯೆಲ್ಲ.

ಮುಂದಿನ ಸಂತೆಗೆ ಹತ್ತು ದೋಣಿ ಬಂತು. ಹತ್ತೂ ದೋಣಿ ತುಂಬ ಮಂಡಕ್ಕಿ ಮೂಟೆ. ಬೂದೆಪ್ಪನ ಆಳುಗಳು ಕೂಗಿದರು: "ಕಾಸಿಗೆ ಹನ್ನೆರಡು ಸೇರು! ಕಾಸಿಗೆ ಹನ್ನೆರಡು ಸೇರು!"

ಜನ ಕೇಳಬೇಕೇ? ಸೀರೆ ಸೆರಗಲ್ಲಿ ಕಟ್ಟಿಕೊಂಡರು. ಪಂಚೆಯಲ್ಲಿ ಕಟ್ಟಿಕೊಂಡರು. ಕೋಳಿಗೂ ಹಾಕಿದರು, ಕುರಿಗೂ ಹಾಕಿದರು. ಹಾಲವ್ವ ಕಾಸಿಗೆ ನಾಕು ಸೇರು ಅಂತ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ದಿನಾ ಬರುತ್ತಿದ್ದವರೆಲ್ಲ ಮುಖ ಆ ಕಡೆ ತಿರುಗಿಸಿಕೊಂಡು ಹೋದರು. ಒಂದು ತಿಂಗಳಿಗೆ ಅವಳ ನಾಕು ಒಲೆ ಆರಿದವು. ನಾಕು ಹೆಣ್ಣಾಳು ಮನೆಗೆ ಹೋದರು.

ಚನ್ನಮಲ್ಲ ಕಲ್ಲು ಹತ್ತಿ ಎಣಿಸಿದ. "ನಾಕು!" ಅಂತ ಕುಣಿದ.

"ನಮ್ಮದೂ ಎರಡು ಆರಿದಾವೆ," ಅಂದಳು ನೀಲವ್ವ.

"ನಮ್ಮದಿರಲಿ. ಅವಳದು ನಾಕು!"

ಹಾಲವ್ವ ಅರಮನೆಗೆ ಹೋದಳು. ದೊರೆ ಮಂಡಕ್ಕಿ ಮೆಲ್ಲುತ್ತಾ ಕೂತಿದ್ದ.

"ಬುದ್ಧೀ, ಹೊಳೆ ಆಚೆಯ ಮಾಲು ನನ್ನ ಒಲೆ ಆರಿಸ್ತಾ ಇದೆ."

"ಅಗ್ಗವಾಗಿ ಮಾರೋದು ತಪ್ಪೇನಮ್ಮ? ನನ್ನ ಪ್ರಜೆಗಳು ಹೊಟ್ಟೆ ತುಂಬ ತಿಂತಾ ಇದಾರೆ."

"ತಪ್ಪಲ್ಲ ಬುದ್ಧೀ. ಅವರ ಕೈಚಳಕದಿಂದ ಅಗ್ಗ ಆಗಿದ್ದರೆ ನಾನೇ ಹೋಗಿ ಕಾಲು ಹಿಡಿದು ಕಲೀತಿದ್ದೆ. ಆದರೆ ಒಂದು ಮಾತು ವಿಚಾರಿಸಿ. ಅದೇ ಮಂಡಕ್ಕಿಯನ್ನ ಅವರ ಊರಲ್ಲಿ ಅವರು ಎಷ್ಟಕ್ಕೆ ಮಾರ್ತಾರೆ? ತನ್ನ ಮಕ್ಕಳಿಗೆ ದುಬಾರಿ, ಪಕ್ಕದ ಮನೆಯವರ ಮಕ್ಕಳಿಗೆ ಅಗ್ಗ ಕೊಡೋನು ಧರ್ಮಾತ್ಮ ಅಲ್ಲ ಬುದ್ಧೀ. ಅವನಿಗೆ ಪಕ್ಕದ ಮನೆ ಮೇಲೇ ಕಣ್ಣಿರುತ್ತೆ."

ದೊರೆ ಮಂಡಕ್ಕಿ ಮೊರ ಪಕ್ಕಕ್ಕೆ ಸರಿಸಿದ. ಸುಂಕದ ಅಧಿಕಾರಿ ನಿಂಗಯ್ಯನನ್ನು ಕರೆಸಿದ. ಡೊಳ್ಳು ಹೊಟ್ಟೆಯ ನಿಂಗಯ್ಯ ಹೊಳೆ ದಾಟಿದ, ಸಂತೆ ಸುತ್ತಿದ, ತಿರುಗಿ ಬಂದ. "ಅಲ್ಲಿ ಕಾಸಿಗೆ ನಾಕೇ ಸೇರು ಬುದ್ಧೀ," ಅಂದ.

ದೊರೆ ಕಟ್ಟಳೆ ಮಾಡಿದ. ತನ್ನೂರ ಬೆಲೆಗಿಂತ ಕಡಿಮೆಗೆ ಇಲ್ಲಿ ತಂದು ಸುರಿಯೋ ಮಾಲಿಗೆ, ಅಲ್ಲಿಗೂ ಇಲ್ಲಿಗೂ ಎಷ್ಟು ವ್ಯತ್ಯಾಸವೋ ಅಷ್ಟನ್ನೂ ದೋಣಿ ನಿಲ್ಲೋ ಕಡವಿನಲ್ಲೇ ಕಟ್ಟಿಸಿಕೊಳ್ಳಬೇಕು. ಅಲ್ಲಿ ಮೂರು ಕಾಸಿನ ಮಾಲು ಇಲ್ಲಿ ಒಂದು ಕಾಸಿಗೆ, ಹಾಗಾಗಿ ಹನ್ನೆರಡು ಸೇರಿಗೆ ಎರಡು ಕಾಸು. ಒಂದು ಕಾಸು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ವ್ಯತ್ಯಾಸ ಎಷ್ಟೋ ಅಷ್ಟೇ. ಜನ ಅದಕ್ಕೆ ಸುರಿಸುಂಕ ಅಂತ ಹೆಸರಿಟ್ಟರು.

ಬೂದೆಪ್ಪ ಕೈ ಕೈ ಹಿಸುಕಿಕೊಂಡ. "ನಿನ್ನ ಮಾತು ಕೇಳಿ ಕೆಟ್ಟೆ," ಅಂತ ಚನ್ನಮಲ್ಲನ ಮೇಲೆ ಹರಿಹಾಯ್ದ.

ಹೊಟ್ಟೆಕಿಚ್ಚಿನವನ ಬುದ್ಧಿ ಒಳ್ಳೇದಕ್ಕೆ ಓಡಲ್ಲ. ಕೆಟ್ಟದ್ದಕ್ಕೆ ಕುದುರೆ ಹಾಗೆ ಓಡುತ್ತೆ. ಚನ್ನಮಲ್ಲ ನಕ್ಕು ಹೇಳಿದ: "ಸಾವ್ಕಾರ್ರೇ, ಬೆಲೆ ಇಳಿಸಬೇಡಿ. ಕಾಸಿಗೆ ನಾಕೇ ಸೇರು ಅನ್ನಿ. ಮೇಲೆ ಕೊಸರು ಹಾಕಿ."

ಕೊಸರು ಗೊತ್ತಲ್ಲ? ಅಳೆದು ಕೊಟ್ಟ ಮೇಲೆ ಮೇಲಿಂದ ಒಂದು ಹಿಡಿ ಹಾಕ್ತಾರಲ್ಲ, ಅದು. ಸೊಪ್ಪು ಕೊಂಡರೆ ನಾಕು ಎಳೆ ಕೊತ್ತಂಬರಿ. ಬದನೆಕಾಯಿ ಕೊಂಡರೆ ಒಂದು ಹಸಿಮೆಣಸು. ಕೊಸರು ಹಾಕದ ವ್ಯಾಪಾರಿ ನಮ್ಮ ಸೀಮೆಯಲ್ಲಿ ಎರಡನೇ ಸಂತೆ ಕಾಣೋದಿಲ್ಲ. ಅದು ಬೆಲೆಯೂ ಅಲ್ಲ, ದಾನವೂ ಅಲ್ಲ. ಕೈಯ ಪ್ರೀತಿ.

ಮುಂದಿನ ಸಂತೆಗೆ ಇಪ್ಪತ್ತು ದೋಣಿ ಬಂತು. ಕಡವಿನಲ್ಲಿ ನಿಂಗಯ್ಯ ಕೈ ಚಾಚಿದ. "ಬೆಲೆ ಎಷ್ಟು?"

"ಕಾಸಿಗೆ ನಾಕು ಸೇರು ಸ್ವಾಮೀ. ನಮ್ಮೂರಲ್ಲಿ ಹೇಗೋ ಇಲ್ಲೂ ಹಾಗೇ."

ವ್ಯತ್ಯಾಸವಿಲ್ಲ. ಸುಂಕವೂ ಇಲ್ಲ. ದೋಣಿ ಒಳಗೆ ಬಂತು. ಸಂತೆಯಲ್ಲಿ ಆಳುಗಳು ಕೂಗಿದರು: "ಕಾಸಿಗೆ ನಾಕು ಸೇರು! ಮೇಲೆ ಎಂಟು ಸೇರು ಕೊಸರು!"

ಹಾಲವ್ವ ಎರಡನೇ ಸಲ ಅರಮನೆಗೆ ಓಡಿದಳು. ದೊರೆ ಬೂದೆಪ್ಪನನ್ನು ಕರೆಸಿದ.

"ಇದೇನು ಸಾವ್ಕಾರ್ರೇ, ನಾಕು ಸೇರಿಗೆ ಎಂಟು ಸೇರು ಕೊಸರು?"

ಬೂದೆಪ್ಪ ಎರಡೂ ಕೈ ಜೋಡಿಸಿದ. "ನಮ್ಮ ತಾತನ ಕಾಲದ ಪದ್ಧತಿ ದೊರೆಗಳೇ. ನಮ್ಮೂರಲ್ಲೂ ಹೀಗೇ ಹಾಕ್ತೀವಿ. ಕೊಸರಿಗೆ ಸುಂಕ ಕೇಳಿದ ದೊರೆ ಯಾವ ದೇಶದಲ್ಲಾದರೂ ಇದಾನಾ? ಇವತ್ತು ನನ್ನ ಕೊಸರಿಗೆ ಸುಂಕ ಅಂದರೆ, ನಾಳೆ ಸೊಪ್ಪಿನವಳ ಕೊತ್ತಂಬರಿಗೂ ಸುಂಕ ಅನ್ನಬೇಕಾಗುತ್ತೆ."

ಸಭೆಯಲ್ಲಿದ್ದ ಸೊಪ್ಪಿನವರೆಲ್ಲ ಗುಸುಗುಸು ಅಂದರು. ದೊರೆ ಮತ್ತೆ ನಿಂಗಯ್ಯನನ್ನೇ ಬಿಳಿಗಲ್ಲಿಗೆ ಕಳಿಸಿದ.

ಬೂದೆಪ್ಪ ಕಳ್ಳ. ಕಳ್ಳನ ಕಿವಿಯಲ್ಲಿ ಚನ್ನಮಲ್ಲ. ಇಬ್ಬರೂ ಮೊದಲೇ ಅಂಗಡಿಗೆ ಹೇಳಿ ಕಳಿಸಿದ್ದರು: ಡೊಳ್ಳು ಹೊಟ್ಟೆಯವನೊಬ್ಬ ಬರ್ತಾನೆ, ಅವನಿಗೆ ಎಂಟು ಸೇರು ಕೊಸರು ಹಾಕಿ ಅಂತ. ನಿಂಗಯ್ಯ ಹೋದ. ಒಂದು ಕಾಸು ಕೊಟ್ಟ. ನಾಕು ಸೇರು ಬಂತು, ಮೇಲೆ ಎಂಟು ಸೇರು ಬಂತು. ದಾರಿಯುದ್ದಕ್ಕೂ ತಿಂದುಕೊಂಡು ಬಂದು, ಗಡ್ಡದಲ್ಲಿ ಎರಡು ಮಂಡಕ್ಕಿ ಅಂಟಿಸಿಕೊಂಡೇ ಸಭೆಯಲ್ಲಿ ಹೇಳಿದ: "ನಿಜ ಬುದ್ಧೀ. ಅಲ್ಲೂ ಕೊಸರು ಹಾಕ್ತಾರೆ. ನನಗೇ ಹಾಕಿದರು."

ದೊರೆ ನಿಟ್ಟುಸಿರು ಬಿಟ್ಟ. "ಹಾಲವ್ವಾ, ನಾನೇ ಮಾಡಿದ ಕಟ್ಟಳೆ. ಅಲ್ಲೂ ಇಲ್ಲೂ ಒಂದೇ ಅಂದ ಮೇಲೆ ನನ್ನ ಕೈ ಕಟ್ಟಿದೆ."

ಇನ್ನೂ ನಾಕು ಒಲೆ ಆರಿದವು. ಆಮೇಲೆ ಇನ್ನೂ ಮೂರು. ಹನ್ನೆರಡರಲ್ಲಿ ಉಳಿದದ್ದು ಒಂದು. ಮನೆಗೆ ಹೋದ ಹೆಣ್ಣಾಳುಗಳು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಕೆಲಸ ಕೇಳುತ್ತಿರಲಿಲ್ಲ. ಕೇಳಿದರೆ ಹಾಲವ್ವನಿಗೆ ನೋವಾಗುತ್ತೆ ಅಂತ ಸುಮ್ಮನೆ ನಿಲ್ಲುತ್ತಿದ್ದರು. ಕೇಳಿದ್ದಕ್ಕಿಂತ ಅದೇ ಅವಳಿಗೆ ಹೆಚ್ಚು ಸುಡುತ್ತಿತ್ತು.

ಚನ್ನಮಲ್ಲ ಗೋಡೆ ಮೇಲಿಂದ ತಲೆ ಹಾಕಿದ. "ತಂಗೀ, ಆ ಜರಡಿ ಮಾರ್ತೀಯಾ? ಕೋಳಿಗೂಡಿಗೆ ಮುಚ್ಚಳ ಬೇಕಾಗಿತ್ತು."

ಹಾಲವ್ವ ತಲೆ ಎತ್ತಿದಳು. "ಇವತ್ತು ನಿನ್ನ ಕಡೆ ಹೊಗೆನೇ ಕಾಣ್ತಿಲ್ಲವಲ್ಲ ಅಣ್ಣಾ? ಹುಷಾರಾಗಿದೀಯಾ?"

ಚನ್ನಮಲ್ಲನ ಕಿವಿಗೆ ಅದು ಬೀಳಲೇ ಇಲ್ಲ. ಕೆಳಗಿಳಿದು, "ಹನ್ನೊಂದು ಕಣೇ! ಹನ್ನೊಂದು ಆರಿದಾವೆ! ಇನ್ನೊಂದೇ ಬಾಕಿ!" ಅಂತ ಹೆಂಡತಿಯ ಮುಂದೆ ಕುಣಿದ.

"ನಮ್ಮವು ಆರಕ್ಕೆ ಆರೂ ಆರಿದಾವೆ," ಅಂದಳು ನೀಲವ್ವ. "ಹೋದ ಸಂತೆಗೇ. ನಮ್ಮ ಗಿರಾಕಿಗಳೂ ಆ ದೋಣಿಗೇ ಹೋದರು. ನೋಡಿದ್ರಾ?"

"ನಮ್ಮದಿರಲಿ! ಅವಳದು ಹನ್ನೊಂದು!"

ಇಂಥವನಿಗೆ ಏನು ಹೇಳ್ತೀರಿ? ನೀಲವ್ವ ಬೂದಿ ಗೋರಿ ಹೊರಗೆ ಹಾಕಿದಳು.

ಆ ದಿನ ಹಾಲವ್ವ ತನ್ನ ಕೊನೆಯ ಒಲೆ ಮುಂದೆ ಕೂತು ಯೋಚಿಸಿದಳು. ನಿಂಗಯ್ಯನ ಗಡ್ಡದಲ್ಲಿದ್ದ ಎರಡು ಮಂಡಕ್ಕಿ ಅವಳ ಕಣ್ಣಿಗೆ ಕಟ್ಟಿತ್ತು. ಒಬ್ಬನ ಹೊಟ್ಟೆಗೆ ಎಂಟು ಸೇರು ಹಾಕಬಹುದು. ಊರಿನ ಹೊಟ್ಟೆಗೆ? ಹಾಗೆ ಅಂದುಕೊಂಡದ್ದೇ ತಡ, ಅವಳಿಗೆ ನಗು ಬಂತು. ಎದ್ದು ಸೆರಗು ಬಿಗಿದಳು. ಗಂಡನಿಗೆ, "ಉರಿ ಬಿಡಬೇಡ, ಬರ್ತೀನಿ," ಅಂದಳು. ಗಂಡ ತಲೆ ಆಡಿಸಿದ.

ಮೂರನೇ ಸಲ ಅರಮನೆಗೆ ಹೋದಳು. ಆ ಹೊತ್ತಿಗೆ ಬೂದೆಪ್ಪ ದೊರೆಗೆ ಕಾಣಿಕೆ ಒಪ್ಪಿಸೋಕೆ ಬಂದಿದ್ದ. ಕಡವಿನಲ್ಲಿ ಮೂವತ್ತು ದೋಣಿ ನಿಂತಿತ್ತು. ಚನ್ನಮಲ್ಲನೂ ಮೂಲೆಯಲ್ಲಿ ಮೀಸೆ ತಿರುವುತ್ತಾ ನಿಂತಿದ್ದ. ಹಾಲವ್ವ ಅಳ್ತಾಳೆ, ನೋಡಿ ಕಣ್ಣು ತಂಪು ಮಾಡಿಕೊಳ್ಳೋಣ ಅಂತ.

ಹಾಲವ್ವ ಅಳಲಿಲ್ಲ. ಹೊಗಳಿದಳು.

"ಬುದ್ಧೀ, ನನ್ನದೇ ತಪ್ಪು. ಈ ಸಾವ್ಕಾರ್ರು ಧರ್ಮರಾಯ. ನಾಕು ಸೇರಿಗೆ ಎಂಟು ಸೇರು ಕೊಸರು ಹಾಕೋ ಕೈ ನಾನು ಎಲ್ಲೂ ಕಂಡಿಲ್ಲ. ಸಾವ್ಕಾರ್ರೇ, ನಿಮ್ಮೂರಲ್ಲೂ ಹೀಗೇ ಅಲ್ಲವಾ?"

"ಹೌದಮ್ಮ," ಅಂದ ಬೂದೆಪ್ಪ.

"ಬಡವರಿಗೂ?"

"ಬಡವರಿಗೂ."

"ಕೇಳಿದವರಿಗೆಲ್ಲ?"

ಬೂದೆಪ್ಪ ಒಂದು ಚೂರು ತಡವರಿಸಿದ. ಇಲ್ಲ ಅಂದರೆ ಸುಂಕ. "ಕೇಳಿದವರಿಗೆಲ್ಲ!" ಅಂದ.

"ಹಾಗಿದ್ದರೆ ಬುದ್ಧೀ, ಇಂಥ ಪುಣ್ಯಾತ್ಮರ ಹೆಸರು ಮರೆಯಬಾರದು. ಅವರ ಮಾತನ್ನ ಓಲೆಯಲ್ಲಿ ಬರೆಸಿ, ಅವರ ಮುದ್ರೆ ಒತ್ತಿಸಿ ನನಗೆ ಕೊಡಿ. ಡಂಗುರ ಹೊಡೆಸ್ತೀನಿ."

ಬೂದೆಪ್ಪ ಉಬ್ಬಿಹೋದ. ಪುಗಸಟ್ಟೆ ಡಂಗುರ! ಸೋತ ಹೆಂಗಸೇ ತನ್ನ ಮಾಲನ್ನು ಸಾರುತ್ತಾಳಂತೆ! ಉಂಗುರದ ಮುದ್ರೆಯನ್ನು ಓಲೆಗೆ ಒತ್ತೇಬಿಟ್ಟ. ಚನ್ನಮಲ್ಲನಿಗೆ ಅದನ್ನೂ ಸಹಿಸೋಕೆ ಆಗಲಿಲ್ಲ. 'ಹೊಗಳೋದರಲ್ಲೂ ಹೆಸರು ತಗೊಂಡಳಲ್ಲ ಮುಂಡೇದು' ಅಂತ ಒಳಗೊಳಗೇ ಕುದ್ದ.

ಹಾಲವ್ವ ಓಲೆ ಹಿಡಿದು, ನಿಂಗಯ್ಯನನ್ನು ಕರೆದುಕೊಂಡು ಹೊರಟಳು. ಸಂತೆ ದಾರಿ ಬಿಟ್ಟಳು. ಕಡವಿನ ದಾರಿ ಹಿಡಿದಳು.

"ಎಲ್ಲಿಗಮ್ಮಾ?" ಅಂದ ನಿಂಗಯ್ಯ.

"ಬಿಳಿಗಲ್ಲಿಗೆ. ಬನ್ನಿ ಅಣ್ಣಾ, ಅಲ್ಲಿ ಕೊಸರು ಸಿಗುತ್ತೆ."

ನಿಂಗಯ್ಯ ಅವಳಿಗಿಂತ ಮುಂದೆ ನಡೆದ.

ಬಿಳಿಗಲ್ಲಿನಲ್ಲಿ ಅವತ್ತು ಸಂತೆ. ಹಾಲವ್ವ ಒಬ್ಬ ತಮಟೆಯವನನ್ನು ಹಿಡಿದು ಓಲೆಯಲ್ಲಿದ್ದದ್ದನ್ನು ಬಾಯಿಪಾಠ ಮಾಡಿಸಿದಳು. ಢಂ ಢಂ ಢಂ!

"ಕೇಳ್ರಪ್ಪೋ ಕೇಳಿ! ನಮ್ಮ ಬೂದೆಪ್ಪ ಸಾವ್ಕಾರ್ರು ಕಡ್ಲೆಕೊಪ್ಪದ ದೊರೆ ಮುಂದೆ ಮುದ್ರೆ ಒತ್ತಿ ಹೇಳಿದ್ದು! ಒಂದು ಕಾಸಿಗೆ ನಾಕು ಸೇರು ಮಂಡಕ್ಕಿ, ಮೇಲೆ ಎಂಟು ಸೇರು ಕೊಸರು! ಆಚೆ ದಡದಲ್ಲಿ ಹೇಗೋ ಈಚೆ ದಡದಲ್ಲೂ ಹಾಗೇ! ಬಡವರಿಗೂ ಉಂಟು! ಕೇಳಿದವರಿಗೆಲ್ಲ ಉಂಟು!"

ಸಂತೆಯೆಲ್ಲ ತಮಟೆಯವನ ಕಡೆ ತಿರುಗಿತು.

ಕೆಂಚಜ್ಜಿ ಅಂತ ಒಬ್ಬ ಮುದುಕಿ ಇದ್ದಳು. ಹಲ್ಲಿಲ್ಲ, ನಾಲಿಗೆ ಮಾತ್ರ ಗಟ್ಟಿ. ಅವಳು ಸೊಂಟಕ್ಕೆ ಕೈ ಇಟ್ಟಳು. "ಏನಂದೆ? ಎಂಟು ಸೇರಾ? ನಲವತ್ತು ವರ್ಷದಿಂದ ಅವನ ಅಂಗಡಿಗೆ ಕಾಸು ಸುರೀತಿದೀನಿ. ಒಂದು ಹಿಡಿ ಕೊಸರು ಹಾಕಪ್ಪಾ ಅಂದರೆ ಬೆರಳು ಸಂದಿಯಿಂದ ಅರ್ಧ ವಾಪಸು ಉದುರಿಸ್ಕೊಳ್ತಾನೆ. ಆಚೆ ದಡದವರಿಗೆ ಎಂಟು ಸೇರಾ?"

"ಅಲ್ಲಿನ ಹೆಂಗಸರಿಗೆ ಅಷ್ಟಂತೆ!" ಅಂದಳು ಒಬ್ಬಳು.

"ನಮಗೇನು ಬಾಯಿ ಇಲ್ಲವಾ?" ಅಂದಳು ಇನ್ನೊಬ್ಬಳು.

"ಅವರು ತಿಂದು ದಪ್ಪಗಾಗಲಿ, ನಾವು ಹೊಟ್ಟು ಕೇರೋಣ, ಅಲ್ಲವಾ?" ಅಂದಳು ಮತ್ತೊಬ್ಬಳು.

ದುಬಾರಿ ಅಂದರೆ ಜನ ಗೊಣಗಿ ಸುಮ್ಮನಾಗ್ತಾರೆ. ಪಕ್ಕದೂರಿಗೆ ಅಗ್ಗ ಅಂತ ಗೊತ್ತಾದರೆ ಮಾತ್ರ ಬಿಡೋದಿಲ್ಲ. ಒಬ್ಬ ಚನ್ನಮಲ್ಲನ ಹೊಟ್ಟೆಯಲ್ಲಿದ್ದ ಕಿಚ್ಚು ಆ ಹೊತ್ತು ಇಡೀ ಬಿಳಿಗಲ್ಲಿಗೆ ಹತ್ತಿತು. ಮೊರ ತಂದರು, ಮೂಟೆ ತಂದರು, ತೊಟ್ಟಿಲ ಬಟ್ಟೆಯನ್ನೂ ಬಿಚ್ಚಿಕೊಂಡು ತಂದರು. ಬೂದೆಪ್ಪನ ಅಂಗಡಿ ಮುಂದೆ ಹೊಳೆ ಬಂದ ಹಾಗೆ ಜನ. "ಕಾಸು ತಗೋ! ಕೊಸರು ಹಾಕು!"

ಅಂಗಡಿಯ ಆಳುಗಳು ಮೊದಲು ಹತ್ತು ಜನಕ್ಕೆ ಹಾಕಿದರು. ಆಮೇಲೆ ನೂರು ಜನಕ್ಕೆ ಹಾಕಿದರು. ಆಮೇಲೆ ಬಾಗಿಲು ಹಾಕಿಕೊಂಡು ಕಿಟಕಿಯಿಂದ ಹಾರಿ ಕಡವಿಗೆ ಓಡಿದರು.

ಸುದ್ದಿ ಕೇಳಿ ಬೂದೆಪ್ಪ ಬಂದ. ಒಂದು ಕಾಲಿಗೆ ಚಪ್ಪಲಿ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಹಿಂದೆ ಚನ್ನಮಲ್ಲನೂ ಓಡಿಬಂದ. ಜನ ಸಾವ್ಕಾರನನ್ನು ಸುತ್ತುಗಟ್ಟಿದರು.

"ನಲವತ್ತು ವರ್ಷದ ಕೊಸರು ಕೊಡು!" ಅಂತ ಕೆಂಚಜ್ಜಿ ಅವನ ಪಂಚೆ ಹಿಡಿದಳು.

ಈಗ ನೋಡಿ ಅವನ ಪಾಡು. ಕೊಟ್ಟರೆ ಕಣಜ ಖಾಲಿ. ಕೊಡದಿದ್ದರೆ ಪಂಚೆ ಖಾಲಿ. ಬೂದೆಪ್ಪ ಕಟ್ಟೆ ಹತ್ತಿ ಕಿರುಚಿದ: "ಅದೆಲ್ಲ ಸುಳ್ಳು ಕಣ್ರೋ! ಎಂಟು ಸೇರು ಕೊಸರು ಇಲ್ಲಿಗಲ್ಲ! ಇಲ್ಲಿ ಯಾವತ್ತೂ ಹಾಕಿಲ್ಲ, ಹಾಕೋದೂ ಇಲ್ಲ! ಅದು ಕಡ್ಲೆಕೊಪ್ಪಕ್ಕೆ ಮಾತ್ರ!"

ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಡೊಳ್ಳು ಹೊಟ್ಟೆಯ ನಿಂಗಯ್ಯ.

"ಇನ್ನೊಂದು ಸಲ ಹೇಳಿ ಸಾವ್ಕಾರ್ರೇ," ಅಂದ ನಿಂಗಯ್ಯ. "ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲ. ಕಡ್ಲೆಕೊಪ್ಪಕ್ಕೆ ಮಾತ್ರ ಅಂದ್ರಾ? ಹಾಗಿದ್ದರೆ ಕಡವಿನಲ್ಲಿರೋ ಮೂವತ್ತು ದೋಣಿಗೆ ಸುರಿಸುಂಕ. ಮೊದಲು ಬಂದ ಇಪ್ಪತ್ತಕ್ಕೂ ಸುರಿಸುಂಕ. ದೊರೆಗೆ ಸುಳ್ಳು ಹೇಳಿದ್ದಕ್ಕೆ ದಂಡ ಬೇರೆ."

ಬೂದೆಪ್ಪ ಕಟ್ಟೆಯಿಂದ ಇಳಿದು ಓಡೋಕೆ ನೋಡಿದ. ಎದುರಿಗೇ ಚನ್ನಮಲ್ಲ ಕಣ್ಣಿಗೆ ಬಿದ್ದ. "ಇವನೇ! ಈ ಹೊಟ್ಟೆಕಿಚ್ಚಿನ ಮುಂಡೇಗಂಡ! ನನ್ನ ಮಂಡಕ್ಕಿ ನನ್ನ ಪಾಡಿಗೆ ಇತ್ತು. ಹಾಲವ್ವನ ಒಲೆ ಆರಿಸಿ ಅಂತ ಇವನೇ ಹರಿಗೋಲು ಹತ್ತಿ ಬಂದು ಹೇಳಿಕೊಟ್ಟ! ಕೊಸರಿನ ಉಪಾಯವೂ ಇವನದೇ!"

ನಿಂಗಯ್ಯ ಇಬ್ಬರನ್ನೂ ಒಂದೇ ಹರಿಗೋಲಿನಲ್ಲಿ ಕೂರಿಸಿಕೊಂಡು ಬಂದ. ಹೊಳೆ ದಾಟೋವರೆಗೂ ಒಬ್ಬರಿಗೊಬ್ಬರು ಬೈದುಕೊಂಡೇ ಬಂದರು.

ಬೂದೆಪ್ಪ ಸುಂಕ ಕಟ್ಟಿದ, ದಂಡ ಕಟ್ಟಿದ, ಖಾಲಿ ದೋಣಿ ತಳ್ಳಿಕೊಂಡು ಹೋದ. ದೊರೆ ಅವನಿಗೆ ಒಂದು ಮಾತು ಹೇಳಿದ: "ನಿಮ್ಮ ಮಾಲಿಗೆ ನಮ್ಮ ಸಂತೆ ಮುಚ್ಚಿಲ್ಲ ಸಾವ್ಕಾರ್ರೇ. ನಿಮ್ಮ ಜನಕ್ಕೆ ಕೊಡೋ ಬೆಲೆಗೇ ನಮ್ಮ ಜನಕ್ಕೂ ಕೊಡೋದಾದರೆ ನಾಳೆಯೇ ಬನ್ನಿ. ಸುಂಕ ಅಗ್ಗಕ್ಕಲ್ಲ, ಕಪಟಕ್ಕೆ."

ಆಮೇಲೆ ಚನ್ನಮಲ್ಲನ ಸರದಿ. ದೊರೆ ಗುಡುಗಿದ: "ಹಾಲವ್ವಾ, ಇವನಿಗೆ ಏನು ಶಿಕ್ಷೆ ಕೊಡಲಿ? ನೂರು ಛಡಿ ಏಟು ಹಾಕಿಸಲಾ? ಗಡಿ ದಾಟಿಸಲಾ? ತಲೆ ಬೋಳಿಸಲಾ?"

ಹಾಲವ್ವ ಚನ್ನಮಲ್ಲನನ್ನು ನೋಡಿದಳು. ಆ ಹೊತ್ತಲ್ಲೂ ಅವನ ಕಣ್ಣು ದೊರೆ ಅವಳಿಗೆ ಹೊದಿಸಿದ್ದ ಶಾಲಿನ ಮೇಲೇ ಇತ್ತು.

"ಏಟು ಬೇಡ ಬುದ್ಧೀ, ವಾಸಿಯಾಗುತ್ತೆ. ಗಡಿ ಬೇಡ, ಅಲ್ಲೊಬ್ಬ ಹಾಲವ್ವನನ್ನು ಹುಡುಕಿಕೊಳ್ತಾನೆ. ಕೂದಲು ಬೇಡ, ಬೆಳೆಯುತ್ತೆ. ನನ್ನ ಹನ್ನೆರಡು ಒಲೆ ಮತ್ತೆ ಹತ್ತಬೇಕು, ನನ್ನ ಹೆಣ್ಣಾಳುಗಳು ವಾಪಸು ಬರಬೇಕು. ಅದಕ್ಕೆ ಗಿರಾಕಿ ಬೇಕು. ಚನ್ನಮಲ್ಲಣ್ಣನದು ಒಳ್ಳೆ ಕಂಠ. ಒಂದು ವರ್ಷ ಸಂತೆಯಲ್ಲಿ ನಿಂತು ನನ್ನ ಮಂಡಕ್ಕಿ ಕೂಗಿ ಮಾರಲಿ."

ಚನ್ನಮಲ್ಲ ದೊರೆಯ ಕಾಲಿಗೆ ಬಿದ್ದ. "ಛಡಿ ಏಟೇ ಕೊಡಿಸಿ ಬುದ್ಧೀ! ಇನ್ನೂರು ಕೊಡಿಸಿ!"

ದೊರೆ ನಕ್ಕೂ ನಕ್ಕೂ ಕಿರೀಟ ಓರೆ ಮಾಡಿಕೊಂಡ. "ಕೂಗಯ್ಯಾ," ಅಂದ.

ಮೊದಲ ಸಂತೆ. ಚನ್ನಮಲ್ಲ ಬುಟ್ಟಿ ಪಕ್ಕ ನಿಂತ. "ಹಾಲವ್ವನ ಮಂಡಕ್ಕಿ," ಅಂದ. ನೊಣಕ್ಕೂ ಕೇಳಿಸಲಿಲ್ಲ. ಪಹರೆಯವನು ಕೋಲಿನಿಂದ ತಿವಿದ. "ಜೋರಾಗಿ!"

ಎರಡನೇ ಸಂತೆ. "ಹಾಲವ್ವನ ಮಂಡಕ್ಕಿ!" ಅಂದ. ನಾಕು ಜನ ತಿರುಗಿದರು. ಪಹರೆಯವನು ಅಂದ: "ಹೇಗಿದೆ ಅಂತಲೂ ಹೇಳು!"

ಮೂರನೇ ಸಂತೆ. ಚನ್ನಮಲ್ಲ ಕಣ್ಣು ಮುಚ್ಚಿದ, ಹಲ್ಲು ಕಚ್ಚಿದ, ಎದೆ ಬಿರಿಯೋ ಹಾಗೆ ಕೂಗಿದ: "ಹಾಲವ್ವನ ಮಂಡಕ್ಕೀ! ನಾಲಿಗೆ ಮೇಲೆ ಕರಗೋ ಮಂಡಕ್ಕೀ! ಕಡ್ಲೆಕೊಪ್ಪದಲ್ಲೇ ಇದಕ್ಕೆ ಸಮ ಇಲ್ಲಾ!"

ಸಂತೆಗೆ ಸಂತೆಯೇ ಓಡಿಬಂತು. ಹಾಲವ್ವನ ಆರಿದ ಒಲೆ ಒಂದೊಂದಾಗಿ ಹತ್ತಿದವು. ಮಳೆಗಾಲ ಮುಗಿಯೋ ಹೊತ್ತಿಗೆ ಹನ್ನೆರಡೂ ಹತ್ತಿ, ಹದಿಮೂರನೆಯದಕ್ಕೆ ಮಣ್ಣು ಕಲಸಿದರು. ಹದಿಮೂರನೇ ಆಳಾಗಿ ಬಂದವಳು ಯಾರು ಗೊತ್ತಾ? ನೀಲವ್ವ. ಕೆಲಸ ಕಲಿತುಕೊಂಡು, ಬರುವಾಗ ಒಂದು ಬುಟ್ಟಿ ಹೊಸ ಮರಳು ಹೊತ್ತುಕೊಂಡು ಬಂದು, ತನ್ನ ಮನೆಯ ಒಲೆಗೆ ಸುರಿದಳು.

ಚನ್ನಮಲ್ಲ ಮಾತ್ರ ಇನ್ನೂ ಸಂತೆಯಲ್ಲೇ ನಿಂತಿದ್ದ. ಜೋರಾಗಿ ಕೂಗಿದರೆ ಅವಳ ಮಾಲು ಖರ್ಚಾಗುತ್ತೆ, ಹೊಟ್ಟೆ ಉರಿಯುತ್ತೆ. ಮೆಲ್ಲಗೆ ಕೂಗಿದರೆ ಕೋಲು ಬೀಳುತ್ತೆ, ಬೆನ್ನು ಉರಿಯುತ್ತೆ.

ಅದಕ್ಕೇ ದೊಡ್ಡವರು ಹೇಳೋದು, ನೀವೂ ಗಂಟು ಹಾಕಿಕೊಳ್ಳಿ: ತನ್ನವರಿಗೆ ದುಬಾರಿ ಮಾರಿ ನಿಮಗೆ ಅಗ್ಗ ಸುರಿಯೋನು ಬಂದರೆ, ಕೈ ಚಾಚೋ ಮುಂಚೆ ಅವನ ಕಣ್ಣು ಯಾವುದರ ಮೇಲಿದೆ ನೋಡಿ. ಪಕ್ಕದವರು ಮೇಲೆ ಬಂದರೆ ಕೇಳಿ ಕಲಿಯಿರಿ, ಕೀಳೋಕೆ ಹೋಗಬೇಡಿ. ಪರರ ಒಲೆ ಆರಿಸೋಕೆ ನೀರು ಹೊತ್ತವನ ಮನೆಯಲ್ಲೇ ಮೊದಲು ಬೂದಿ.

ಕಥೆ ಆಯ್ತು. ಕೇಳಿದವರಿಗೆ ಹಸಿವಾಗಿರುತ್ತೆ, ಏಳಿ. ಹೊಟ್ಟೆ ಉರಿ ಹತ್ತಿದವರಿದ್ದರೆ, ಅವರ ಪಾಲಿಗೆ ಮಜ್ಜಿಗೆ.